ಒಂದು ಫೋನು, ನಾಲ್ಕು ಭಾಷೆ, ಒಂದೇ ಪರೀಕ್ಷೆ: ನಮ್ಮ ಕಡೆಯ ವಿದ್ಯಾರ್ಥಿಗಳಿಗೆ ಆನ್‌ಲೈನ್ ಕೋರ್ಸ್ ಕಟ್ಟುವುದು ಹೇಗೆ

ಆನ್‌ಲೈನ್ ಕೋರ್ಸ್ ಮಾಡೋಣ ಅಂದ ಕೂಡಲೇ ಸ್ಟಾಫ್ ರೂಮಿನಲ್ಲಿ ಮೊದಲು ಶುರುವಾಗುವುದು ಆ್ಯಪ್ ಚರ್ಚೆ. ಝೂಮೋ, ಗೂಗಲ್ ಮೀಟೋ, ಮೂಡಲ್ಲೋ? ಆ ಚರ್ಚೆ ಕೊನೆಗೆ ಬಂದರೂ ನಡೆಯುತ್ತದೆ. ಅದಕ್ಕೂ ಮುಂಚೆ ನಮ್ಮ ಕ್ಲಾಸಿನಲ್ಲಿ ಯಾರ್ಯಾರಿದ್ದಾರೆ ನೋಡಬೇಕು. ಸಿಂಧನೂರಿನ ಕ್ಯಾಂಪಿನಿಂದ ಬರುವ, ಮನೆಯಲ್ಲಿ ತೆಲುಗು ಮಾತಾಡುವ ಹುಡುಗಿ. ಕುಷ್ಟಗಿ ಕಡೆಯ ತಾಂಡಾದ ಹುಡುಗ, ಮನೆಯವರು ಗುಳೆ ಹೋದರೆ ಅವನೂ ಹೊರಡುತ್ತಾನೆ. ರಾಯಚೂರಿನಲ್ಲಿ ಹತ್ತನೇ ತರಗತಿವರೆಗೆ ಉರ್ದು ಶಾಲೆಯಲ್ಲಿ ಓದಿದವಳು. ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹಗಲು ಹೊಲಿದು ರಾತ್ರಿ ಓದುವವನು. ಇವರೆಲ್ಲರಿಗೂ ಒಂದೇ ಕೋರ್ಸ್, ಒಂದೇ ಪರೀಕ್ಷೆ.

ಪರೀಕ್ಷೆ ಮುಗಿದ ಮೇಲೆ ಕಡಿಮೆ ಅಂಕ ಬಂದವರನ್ನು ನೋಡಿ. ಅವರಿಗೆ ವಿಷಯ ಬರಲಿಲ್ಲವೋ, ಇಂಗ್ಲಿಷ್ ಬರಲಿಲ್ಲವೋ, ನೆಟ್ ಬರಲಿಲ್ಲವೋ? ಅಂಕಪಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಈ ಮೂರನ್ನೂ ಬೇರೆ ಬೇರೆ ಮಾಡುವ ಹಾಗೆ ಕೋರ್ಸ್ ಕಟ್ಟಿದರೆ ಅರ್ಧ ಕೆಲಸ ಆದಂತೆ. ಉದಾಹರಣೆಗೆ ಪದವಿ ಮೊದಲ ವರ್ಷದವರಿಗೆ ಆರು ವಾರದ ಒಂದು ಕೋರ್ಸ್ ಇಟ್ಟುಕೊಳ್ಳೋಣ: ‘ಸಣ್ಣ ಅಂಗಡಿಯ ಲೆಕ್ಕಪತ್ರ’. ನಿಮ್ಮ ವಿಷಯ ಬೇರೆ ಇದ್ದರೂ ಹೆಜ್ಜೆಗಳು ಇವೇ.

ಹೆಜ್ಜೆ 1: ಫಾರಂ ಕಳಿಸಬೇಡಿ, ಫೋನ್ ಮಾಡಿ

ಸೇರುವವರ ಪರಿಸ್ಥಿತಿ ತಿಳಿಯಲು ಎಲ್ಲರೂ ಗೂಗಲ್ ಫಾರಂ ಕಳಿಸುತ್ತಾರೆ. ತಮಾಷೆ ಏನೆಂದರೆ, ಫಾರಂ ತೆರೆಯಲಾಗದವರ ಬಗ್ಗೆಯೇ ನಮಗೆ ಮುಖ್ಯವಾಗಿ ತಿಳಿಯಬೇಕಿರುವುದು. ಫಾರಂ ತುಂಬಿದವರ ಲೆಕ್ಕ ಹಾಕಿ ‘ಎಲ್ಲರಿಗೂ ಸ್ಮಾರ್ಟ್‌ಫೋನ್ ಇದೆ’ ಎಂದು ಬರೆದುಕೊಂಡರೆ ಮುಂದಿನದೆಲ್ಲ ತಪ್ಪು. ನಲವತ್ತು ಜನರಿಗೆ ಇಬ್ಬರು ಶಿಕ್ಷಕರು ಐದೈದು ನಿಮಿಷ ಫೋನ್ ಮಾಡಿದರೆ ಎರಡು ಸಂಜೆಯಲ್ಲಿ ಮುಗಿಯುತ್ತದೆ.

ಕೇಳಬೇಕಾದದ್ದು ಇಷ್ಟು: ಫೋನ್ ನಿಮ್ಮದೋ ಮನೆಯದೋ? ಮನೆಯದಾದರೆ ಎಷ್ಟು ಹೊತ್ತಿಗೆ ಕೈಗೆ ಸಿಗುತ್ತದೆ? ದಿನಕ್ಕೆ ಎಷ್ಟು ಡೇಟಾ? ಮನೆಯಲ್ಲಿ ಯಾವ ಭಾಷೆ, ಶಾಲೆಯಲ್ಲಿ ಯಾವ ಭಾಷೆ? ಕೆಲಸಕ್ಕೆ ಹೋಗುತ್ತೀರಾ? ಮುಂದಿನ ಎರಡು ತಿಂಗಳಲ್ಲಿ ಊರು ಬಿಡುವುದಿದೆಯೇ? ಓದಲು, ಕೇಳಲು, ಬರೆಯಲು ಏನಾದರೂ ತೊಂದರೆ ಇದೆಯೇ? ಕೊನೆಯ ಪ್ರಶ್ನೆಯನ್ನು ಸಮಾಧಾನವಾಗಿ ಕೇಳಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ಅದರಲ್ಲಿ ಮಂದದೃಷ್ಟಿ, ಕಲಿಕೆಯ ತೊಂದರೆಯಂಥವು ಎದುರಿಗೆ ಕೂತರೂ ಕಾಣುವುದಿಲ್ಲ, ಇನ್ನು ಪರದೆ ಮೇಲೆ ಎಲ್ಲಿ ಕಾಣಬೇಕು?

ಹೆಣ್ಣುಮಕ್ಕಳ ವಿಷಯದಲ್ಲಿ ಎರಡನೇ ಪ್ರಶ್ನೆ ಬಹಳ ಮುಖ್ಯ. ಫೋನ್ ಅಣ್ಣನ ಜೇಬಿನಲ್ಲಿದ್ದರೆ ಸಂಜೆ ಏಳರ ಲೈವ್ ಕ್ಲಾಸ್ ಅವಳಿಗೆ ಇಲ್ಲವೇ ಇಲ್ಲ. ರಾತ್ರಿ ಒಂಬತ್ತೂವರೆಗೆ ಕೈಗೆ ಬರುವ ಫೋನಿಗೆ ಬೇರೆಯದೇ ಕೋರ್ಸ್ ಬೇಕು.

ಹೆಜ್ಜೆ 2: ಕೊನೆಯ ಕೆಲಸವನ್ನು ಮೊದಲು ಬರೆಯಿರಿ

ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮೆಕ್‌ಟೈ ಎಂಬ ಇಬ್ಬರು ಅಮೆರಿಕದ ಶಿಕ್ಷಣ ತಜ್ಞರು 1998ರಲ್ಲಿ ಪಾಠ ಯೋಜಿಸುವ ಕ್ರಮವನ್ನೇ ತಿರುಗಿಸಿದರು. ಮೊದಲು ಗುರಿ, ಆಮೇಲೆ ಆ ಗುರಿ ಮುಟ್ಟಿದ್ದಕ್ಕೆ ಪುರಾವೆ, ಕೊನೆಗೆ ಪಾಠ. ನಾವು ಸಾಮಾನ್ಯವಾಗಿ ಮಾಡುವುದು ಇದರ ಉಲ್ಟಾ: ಪಠ್ಯಕ್ರಮ ಹಿಡಿದು ಮೊದಲ ಅಧ್ಯಾಯದ ಸ್ಲೈಡ್ ಮಾಡುತ್ತೇವೆ, ಪರೀಕ್ಷೆ ಹತ್ತಿರ ಬಂದಾಗ ಪ್ರಶ್ನೆ ಹುಡುಕುತ್ತೇವೆ.

ನಮ್ಮ ಲೆಕ್ಕಪತ್ರ ಕೋರ್ಸಿನ ಕೊನೆಯ ಕೆಲಸ ಹೀಗಿರಲಿ: ವಿದ್ಯಾರ್ಥಿ ತನ್ನೂರಿನ ಒಂದು ಕಿರಾಣಿ ಅಂಗಡಿ, ಚಹಾದಂಗಡಿ ಅಥವಾ ಹೊಲಿಗೆ ಅಂಗಡಿಯ ಒಂದು ವಾರದ ಜಮಾ-ಖರ್ಚು ಬರೆದು, ಲಾಭ ಎಷ್ಟು, ಉದ್ರಿ ಎಷ್ಟು ಬಾಕಿ ಎಂದು ತೋರಿಸಬೇಕು. ಅಂಗಡಿಯವರ ಹೆಸರು ಹಾಕುವುದು ಬೇಡ, ಒಪ್ಪಿಗೆ ಮಾತ್ರ ಕೇಳಿರಬೇಕು.

ಗುರಿಗಳನ್ನು ಬರೆಯುವಾಗ ‘ಅರಿತುಕೊಳ್ಳುತ್ತಾರೆ’, ‘ಪರಿಚಯ ಮಾಡಿಕೊಳ್ಳುತ್ತಾರೆ’ ಎಂಬ ಮಾತು ಬೇಡ. ಅರಿತರೋ ಇಲ್ಲವೋ ಹೇಗೆ ನೋಡುತ್ತೀರಿ? ‘ದಿನದ ವ್ಯವಹಾರವನ್ನು ನಗದು ಪುಸ್ತಕದಲ್ಲಿ ಬರೆಯುತ್ತಾರೆ’, ‘ಗಲ್ಲಾದ ಹಣ ತಾಳೆಯಾಗದಿದ್ದರೆ ಕಾರಣ ಹುಡುಕುತ್ತಾರೆ’, ‘ವಾರದ ಲಾಭ-ನಷ್ಟ ಲೆಕ್ಕ ಹಾಕುತ್ತಾರೆ’. ಇವನ್ನಾದರೆ ಕಣ್ಣಿಂದ ನೋಡಬಹುದು. ಮೂರು ಗುರಿ ಸಾಕು. ಆರು ವಾರಕ್ಕೆ ಹನ್ನೊಂದು ಗುರಿ ಬರೆದವರನ್ನೂ ನೋಡಿದ್ದೇನೆ. ಅದು ಕೋರ್ಸ್ ಅಲ್ಲ, ಹರಕೆ.

ಹೆಜ್ಜೆ 3: ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಟುಕೊಳ್ಳಿ

ವಾರಕ್ಕೆ ವಿದ್ಯಾರ್ಥಿಯ ನಾಲ್ಕು ಗಂಟೆಗಿಂತ ಜಾಸ್ತಿ ಕೇಳಬೇಡಿ. ಅದರಲ್ಲಿ ವಿಡಿಯೋ, ಓದು ಎರಡೂ ಸೇರಿ ಒಂದೂವರೆ ಗಂಟೆ. ಉಳಿದದ್ದು ಕೈಯಾರೆ ಮಾಡುವ ಕೆಲಸ.

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ಶುರುವಾದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಮನೆಗಳಲ್ಲಿ ಯಾರಿಗೂ ಪುರುಸೊತ್ತಿಲ್ಲ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹುಡುಗಿಯರು ಹೊಲದಲ್ಲಿರುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆ. ರಂಜಾನ್ ತಿಂಗಳಲ್ಲಿ ಸಂಜೆಯ ಕ್ಲಾಸ್ ಇಫ್ತಾರಿಗೆ ಅಡ್ಡ ಬರುತ್ತದೆ. ಏಪ್ರಿಲ್, ಮೇನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಸಮಯ ಬದಲಿಸಿಕೊಳ್ಳುತ್ತವೆ. ತಗಡಿನ ಮನೆಯಲ್ಲಿ ಮಧ್ಯಾಹ್ನ ಮೂರಕ್ಕೆ ಫೋನ್ ಹಿಡಿದು ಕೂರುವವರು ಯಾರು? ಆರು ವಾರದ ಕೋರ್ಸಿಗೆ ಎಂಟು ವಾರ ಇಟ್ಟು, ನಡುವೆ ಎರಡು ವಾರ ಹೊಸ ಪಾಠ ಇಲ್ಲದೆ ಖಾಲಿ ಬಿಡಿ. ಹಿಂದೆ ಬಿದ್ದವರು ಆ ವಾರಗಳಲ್ಲಿ ಸೇರಿಕೊಳ್ಳುತ್ತಾರೆ.

ಹೆಜ್ಜೆ 4: ಪಾಠವನ್ನು ಹಗುರ ಮಾಡಿ

ವಿಡಿಯೋ ಎಷ್ಟು ಉದ್ದ ಇರಬೇಕು? ಸಂಶೋಧಕ ಫಿಲಿಪ್ ಗುವೋ ಮತ್ತು ಜೊತೆಗಾರರು 2014ರಲ್ಲಿ ಎಡ್‌ಎಕ್ಸ್ ಎಂಬ ಆನ್‌ಲೈನ್ ತಾಣದ ಕೋರ್ಸುಗಳ 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಅರ್ಧದಷ್ಟು ಜನ 6 ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂದು ಕಂಡಿತು. ಸ್ಲೈಡ್ ಓದುವ ವಿಡಿಯೋಗಿಂತ ಕೈಯಲ್ಲಿ ಬರೆಯುತ್ತಾ ವಿವರಿಸುವುದು ಹೆಚ್ಚು ಹೊತ್ತು ಹಿಡಿದಿಡುತ್ತದೆ ಎಂಬುದೂ ಅದರಲ್ಲೇ ಬಂತು. ನಮಗೆ ಇದು ಒಳ್ಳೆಯ ಸುದ್ದಿ. ಸ್ಟುಡಿಯೋ ಬೇಡ. ಒಂದು ಬಿಳಿ ಹಾಳೆ, ಸ್ಕೆಚ್ ಪೆನ್, ಎರಡು ಪುಸ್ತಕದ ಗುಡ್ಡೆಗಳ ನಡುವೆ ಕೆಳಮುಖವಾಗಿ ಇಟ್ಟ ಫೋನ್. ಬೆಳಕು ಕಿಟಕಿಯಿಂದ ಬರಲಿ, ಫ್ಯಾನ್ ಆಫ್ ಇರಲಿ. ಫ್ಯಾನಿನ ಸದ್ದಿನಷ್ಟು ಪಾಠ ಕೆಡಿಸುವುದು ಇನ್ನೊಂದಿಲ್ಲ.

ಈಗ ಡೇಟಾ ಲೆಕ್ಕ. ಸೆಕೆಂಡಿಗೆ 500 ಕಿಲೋಬಿಟ್‌ನಲ್ಲಿ ಉಳಿಸಿದ 6 ನಿಮಿಷದ ವಿಡಿಯೋ ಸುಮಾರು 22 ಎಂಬಿ. ಅದರ ಧ್ವನಿಯನ್ನಷ್ಟೇ 32 ಕಿಲೋಬಿಟ್‌ನಲ್ಲಿ ಉಳಿಸಿದರೆ ಒಂದೂವರೆ ಎಂಬಿಯೂ ಆಗುವುದಿಲ್ಲ. ಆದ್ದರಿಂದ ಪ್ರತಿ ಪಾಠವನ್ನೂ ಮೂರು ರೂಪದಲ್ಲಿ ಕೊಡಿ: ವಿಡಿಯೋ, ಧ್ವನಿ, ಎರಡು ಪುಟದ ಪಠ್ಯ. ಹೊಲಿಗೆ ಯಂತ್ರದ ಮುಂದೆ ಕೂತವನು ಧ್ವನಿ ಕೇಳುತ್ತಾನೆ. ಕಿವಿ ಕೇಳದವಳು ಪಠ್ಯ ಓದುತ್ತಾಳೆ. ಅಮೆರಿಕದ ಕಾಸ್ಟ್ ಸಂಸ್ಥೆ ರೂಪಿಸಿದ ‘ಎಲ್ಲರಿಗೂ ಕಲಿಕೆಯ ವಿನ್ಯಾಸ’ ಎಂಬ ಚೌಕಟ್ಟಿನ ತಿರುಳೂ ಇದೇ: ವಿಷಯವನ್ನು ಹಲವು ರೂಪದಲ್ಲಿ ಕೊಡಿ, ಉತ್ತರವನ್ನು ಹಲವು ರೂಪದಲ್ಲಿ ತಗೊಳ್ಳಿ, ಆಸಕ್ತಿ ಹುಟ್ಟಿಸಲು ಹಲವು ದಾರಿ ಇಡಿ.

ಪಠ್ಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಇಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಕಾಲೇಜುಗಳ ಹಳೆಯ ನೋಟ್ಸ್ ಎಲ್ಲ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಆದದ್ದು. ಆ ವರ್ಡ್ ಫೈಲ್ ವಿದ್ಯಾರ್ಥಿಯ ಫೋನಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿಯಾಗಿ ಕಾಣುತ್ತದೆ, ಆದರೆ ಒಳಗಿರುವುದು ಅದೇ ರಾಶಿ. ಕಣ್ಣು ಕಾಣದ ವಿದ್ಯಾರ್ಥಿಯ ಫೋನಿನಲ್ಲಿ ಅಕ್ಷರ ಓದಿ ಹೇಳುವ ಟಾಕ್‌ಬ್ಯಾಕ್ ಅದನ್ನು ಓದಲಾರದು, ಹುಡುಕಿದರೆ ಪದ ಸಿಗದು. ಎಲ್ಲವನ್ನೂ ಯಾವ ಫೋನಿಗಾದರೂ ಅರ್ಥವಾಗುವ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒಮ್ಮೆ ಕಣ್ಣಾಡಿಸಿ. ಅರ್ಕಾವತ್ತು, ಒತ್ತಕ್ಷರಗಳು ಪರಿವರ್ತನೆಯಲ್ಲಿ ಕೆಡುವುದುಂಟು. ಪುಸ್ತಕದ ಪುಟದ ಫೋಟೋ ತೆಗೆದು ಪಿಡಿಎಫ್ ಮಾಡಿ ಕಳಿಸುವ ಅಭ್ಯಾಸವನ್ನು ಬಿಡಿ. ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ಹೊಳಪಿನ ವ್ಯತ್ಯಾಸ ಕನಿಷ್ಠ 4.5:1 ಇರಬೇಕು ಎನ್ನುತ್ತದೆ ವೆಬ್ ಮಾನದಂಡ. ಅಳೆಯುವ ಗೋಜು ಬೇಡ ಅಂದರೆ ಬಿಳಿ ಮೇಲೆ ಕಪ್ಪು ಬರೆಯಿರಿ. ಹಳದಿ ಮೇಲೆ ಬಿಳಿ ಅಕ್ಷರ ಬಿಸಿಲಲ್ಲಿ ಯಾರಿಗೂ ಕಾಣುವುದಿಲ್ಲ.

ಹೆಜ್ಜೆ 5: ಭಾಷೆಯ ಗೋಡೆ ತಗ್ಗಿಸಿ

ಲೆಕ್ಕಪತ್ರ ಪಾಠ ಕನ್ನಡದಲ್ಲಿ ನಡೆಯಲಿ. ಆದರೆ ಮುಂದೆ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ತೆರೆದಾಗ ಎದುರಾಗುವ ಪದಗಳೂ ಗೊತ್ತಿರಬೇಕು: ಲೆಡ್ಜರ್, ಡೆಬಿಟ್, ಕ್ರೆಡಿಟ್, ವೋಚರ್. ವಾರಕ್ಕೆ ಎಂಟು ಪದ ಸಾಕು. ಪ್ರತಿ ಪದಕ್ಕೂ ಹತ್ತು ಸೆಕೆಂಡಿನ ಧ್ವನಿ: ಪದ, ಅರ್ಥ, ಒಂದು ಉದಾಹರಣೆ. ಇದನ್ನು ತೆಲುಗು, ಉರ್ದು, ಲಂಬಾಣಿಯಲ್ಲೂ ಮಾಡಿಸಿ. ಅನುವಾದಕರು ಬೇಕಿಲ್ಲ, ಹಿಂದಿನ ಬ್ಯಾಚಿನ ವಿದ್ಯಾರ್ಥಿಗಳೇ ಸಾಕು. ಅವರಿಗೂ ಪಾಠ ಗಟ್ಟಿಯಾಗುತ್ತದೆ.

ಉತ್ತರದಲ್ಲಿ ಮಿಶ್ರ ಭಾಷೆ ಬಂದರೆ ಬರಲಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿದರೂ ತಗೊಳ್ಳಿ. ಫೋನಿನ ಕೀಲಿಮಣೆಯಲ್ಲಿ ಮೈಕ್ ಒತ್ತಿ ಮಾತಾಡಿದರೆ ಕನ್ನಡ ತಾನೇ ಟೈಪ್ ಆಗುತ್ತದೆ ಎಂಬುದನ್ನು ಮೊದಲ ದಿನವೇ ತೋರಿಸಿ.

ಹೆಜ್ಜೆ 6: ಲೈವ್ ಕ್ಲಾಸ್ ವಾರಕ್ಕೊಂದೇ

ಲೈವ್‌ನಲ್ಲಿ ಹೊಸ ಪಾಠ ಬೇಡ. ಪಾಠ ಮೊದಲೇ ರೆಕಾರ್ಡ್ ಆಗಿದೆ. ಲೈವ್ ಇರುವುದು ಪ್ರಶ್ನೆಗೆ, ಅಭ್ಯಾಸಕ್ಕೆ. ‘ತಿಳೀತೇನ್ರಪಾ?’ ಎಂದು ಕೇಳಿದರೆ ನಲವತ್ತು ಜನರೂ ‘ಹೂಂ ರೀ ಸರ’ ಅನ್ನುತ್ತಾರೆ, ಅಲ್ವಾ? ಅದರ ಬದಲು ಒಂದು ಲೆಕ್ಕ ಕೊಟ್ಟು ಉತ್ತರ ಚಾಟ್‌ನಲ್ಲಿ ಹಾಕಲು ಹೇಳಿ. ಮೂರು ನಿಮಿಷದಲ್ಲಿ ತಿಳಿದವರು, ತಿಳಿಯದವರು ಕಾಣುತ್ತಾರೆ.

‘ಸರ, ನಮ್ಮೂರಾಗ ನೆಟ್ ಬರವಲ್ದ್ರಿ’ ಎನ್ನುವವರಿಗೆ ಹಾಜರಾತಿ ಕತ್ತರಿಸಬೇಡಿ. ರೆಕಾರ್ಡಿಂಗ್ ಕೇಳಿ ಒಂದು ಪ್ರಶ್ನೆ ಕಳಿಸಿದರೆ ಅದೇ ಹಾಜರಾತಿ. ಜೊತೆಗೆ ಐದಾರು ಜನರ ಗುಂಪು ಮಾಡಿ, ಆದಷ್ಟು ಒಂದೇ ಊರು ಅಥವಾ ಒಂದೇ ಬಸ್ ದಾರಿಯವರು. ಒಬ್ಬರ ಫೋನಿನಲ್ಲಿ ಇಳಿಸಿದ ಪಾಠ ಉಳಿದವರಿಗೆ ನೆಟ್ ಇಲ್ಲದೆಯೇ ದಾಟುತ್ತದೆ.

ಹೆಜ್ಜೆ 7: ಪ್ರಶ್ನೆ ಬರೆಯುವುದು

ಈ ಹೆಜ್ಜೆಗೆ ಎಲ್ಲಕ್ಕಿಂತ ಜಾಸ್ತಿ ಸಮಯ ಕೊಡಿ. ಒಂದು ಪ್ರಶ್ನೆಯನ್ನು ಹತ್ತಿರದಿಂದ ನೋಡೋಣ.

‘ಕಾರಟಗಿಯ ಒಂದು ಕಿರಾಣಿ ಅಂಗಡಿ. ಸೋಮವಾರ ಬೆಳಿಗ್ಗೆ ಗಲ್ಲಾದಲ್ಲಿ 3,000 ರೂಪಾಯಿ ಇತ್ತು. ಆ ದಿನದ ನಗದು ವ್ಯಾಪಾರ 4,200. ಉದ್ರಿ ಕೊಟ್ಟ ಸಾಮಾನು 1,150. ಹಳೆಯ ಉದ್ರಿ ವಸೂಲಾದದ್ದು 600. ಎಣ್ಣೆ ಡಬ್ಬಕ್ಕೆ ನಗದು ಕೊಟ್ಟದ್ದು 2,300. ಸಂಜೆ ಗಲ್ಲಾದಲ್ಲಿ ಎಷ್ಟಿರಬೇಕು?’

ಸರಿ ಉತ್ತರ 5,500. ಉಳಿದ ಮೂರು ಆಯ್ಕೆಗಳನ್ನು ಸುಮ್ನೆ ಬಾಯಿಗೆ ಬಂದ ಅಂಕಿ ಹಾಕಿ ತುಂಬಬೇಡಿ. 6,650 ಇಡಿ: ಅದನ್ನು ಆರಿಸಿದವರು ಉದ್ರಿಯನ್ನೂ ಬಂದ ಹಣ ಎಂದು ಕೂಡಿಸಿದ್ದಾರೆ. 4,900 ಇಡಿ: ಹಳೆಯ ಉದ್ರಿಯ ವಸೂಲಿ ಬಿಟ್ಟಿದ್ದಾರೆ. 7,800 ಇಡಿ: ಎಣ್ಣೆಗೆ ಕೊಟ್ಟದ್ದನ್ನು ಕಳೆದಿಲ್ಲ. ಈಗ ತಪ್ಪು ಉತ್ತರವೂ ಏನೋ ಹೇಳುತ್ತದೆ. ಹದಿನೈದು ಜನ 6,650 ಆರಿಸಿದರೆ ಮುಂದಿನ ಲೈವ್ ಕ್ಲಾಸಿನ ವಿಷಯ ಯಾವುದು ಎಂದು ಯೋಚಿಸಬೇಕಿಲ್ಲ.

ಇಂಥ ಐದು ಪ್ರಶ್ನೆಗಳ ಸಣ್ಣ ಕ್ವಿಜ್ ವಾರಕ್ಕೊಂದು ಇರಲಿ, ಎರಡು ಸಲ ಬರೆಯಲು ಬಿಡಿ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ತೋರಿಸಿದಂತೆ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ನೆನಪಿಸಿಕೊಂಡು ಬರೆದವರಿಗೆ ವಾರದ ನಂತರ ಹೆಚ್ಚು ನೆನಪಿರುತ್ತದೆ. ಹಾಗಾಗಿ ಕ್ವಿಜ್ ಕೂಡ ಪಾಠವೇ. ಅಂಕ ಕಡಿಮೆ ಇಡಿ, ಭಯ ಇರಬಾರದು.

ಕಾಪಿ ಹೊಡೆಯುವುದರ ಮಾತು. ಕ್ಯಾಮೆರಾ ಆನ್ ಮಾಡಿಸಿ ಕಾಯುವುದು ನಮ್ಮ ಕಡೆ ಆಗುವ ಕೆಲಸವಲ್ಲ. ಒಂದೇ ಕೋಣೆಯಲ್ಲಿ ಐದು ಜನ ಇರುವ ಮನೆಯ ಒಳಗನ್ನು ಎಲ್ಲರಿಗೂ ತೋರಿಸು ಎನ್ನುವುದೂ ಸರಿಯಲ್ಲ. ಪ್ರಶ್ನೆಯನ್ನೇ ಬದಲಿಸಿ. ಮೇಲಿನ ಲೆಕ್ಕದಲ್ಲಿ ‘ನಿಮ್ಮ ರೋಲ್ ನಂಬರಿನ ಕೊನೆಯ ಎರಡು ಅಂಕಿಯನ್ನು ಹತ್ತರಿಂದ ಗುಣಿಸಿ ನಗದು ವ್ಯಾಪಾರಕ್ಕೆ ಸೇರಿಸಿ’ ಎಂದು ಒಂದು ಸಾಲು ಹಾಕಿದರೆ ಎಲ್ಲರ ಉತ್ತರವೂ ಬೇರೆ. ಆಮೇಲೆ ಇನ್ನೊಂದು ಪ್ರಶ್ನೆ: ‘ಎಣಿಸಿದಾಗ ಲೆಕ್ಕಕ್ಕಿಂತ 150 ರೂಪಾಯಿ ಕಡಿಮೆ ಇತ್ತು. ಏನಾಗಿರಬಹುದು? ಎರಡು ಕಾರಣ ಹೇಳಿ, ಒಂದೊಂದನ್ನೂ ಹೇಗೆ ಪತ್ತೆ ಮಾಡುತ್ತೀರಿ ಹೇಳಿ. ಎರಡು ನಿಮಿಷದ ವಾಯ್ಸ್ ಮೆಸೇಜ್.’ ಒಬ್ಬ ಮಾಲೀಕರು ಚಹಾಕ್ಕೆ ತಗೊಂಡಿರಬಹುದು ಅನ್ನುತ್ತಾನೆ, ಇನ್ನೊಬ್ಬಳು ಚಿಲ್ಲರೆ ತಪ್ಪಾಗಿ ಹೋಗಿದೆ ಅನ್ನುತ್ತಾಳೆ. ಅಂಗಡಿ ಕಟ್ಟೆ ಮೇಲೆ ಕೂತು ಬೆಳೆದವರು ಇಲ್ಲಿ ಪುಸ್ತಕ ಓದಿದವರನ್ನು ಮೀರಿಸುತ್ತಾರೆ. ಎಐ ಬಳಸಿ ಬರೆದ ಅನುಮಾನ ಬಂದರೆ ಬೈಯುವ ಬದಲು ಮೂರು ನಿಮಿಷ ಫೋನ್ ಮಾಡಿ, ಅವರದೇ ಹಾಳೆಯ ಒಂದು ಸಾಲು ಹಿಡಿದು ‘ಇದು ಹೇಗೆ ಬಂತು?’ ಎಂದು ಕೇಳಿ.

ಕೊನೆಯ ಕೆಲಸದ ಅಂಕಗಳನ್ನು ಮೊದಲೇ ಹಂಚಿ, ವಿದ್ಯಾರ್ಥಿಗಳಿಗೂ ಮೊದಲ ವಾರವೇ ತೋರಿಸಿ. 20 ಅಂಕ ಇದ್ದರೆ: ವ್ಯವಹಾರಗಳನ್ನು ಸರಿಯಾದ ಬದಿಯಲ್ಲಿ ಬರೆದದ್ದಕ್ಕೆ 7, ಲೆಕ್ಕ ತಾಳೆಯಾದದ್ದಕ್ಕೆ 5, ಲಾಭ-ಉದ್ರಿ ವಿವರಣೆಗೆ 5, ಅಂಗಡಿಯವರಿಗೆ ಕೊಟ್ಟ ಒಂದು ಸಲಹೆಗೆ 3. ಕಾಗುಣಿತಕ್ಕೆ ಸೊನ್ನೆ, ಅಂದಕ್ಕೆ ಸೊನ್ನೆ. ಕೈಬರಹದ ಹಾಳೆಯ ಫೋಟೋ, ಎಕ್ಸೆಲ್ ಫೈಲ್, ಅಥವಾ ಹಾಳೆ ತೋರಿಸುತ್ತಾ ಮಾಡಿದ ವಿಡಿಯೋ, ಯಾವುದಾದರೂ ಸರಿ. ತಿದ್ದುವವರು ಇಬ್ಬರಿದ್ದರೆ ಮೊದಲು ಅದೇ ಐದು ಉತ್ತರಗಳನ್ನು ಬೇರೆ ಬೇರೆಯಾಗಿ ತಿದ್ದಿ, ಅಂಕ ಹೋಲಿಸಿ. ಮೂರು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಕಡೆ ಕೂತು ಮಾತಾಡಿಕೊಳ್ಳಿ.

ಗಡುವು ಒಂದು ಗಂಟೆಯದ್ದಾಗಬಾರದು, ಎರಡು ದಿನದ್ದಾಗಲಿ. ಕರೆಂಟು ಹೋಗಬಹುದು, ಫೋನ್ ಅಪ್ಪನ ಜೊತೆ ಸಂತೆಗೆ ಹೋಗಿರಬಹುದು. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಯೋಜನೆ ಎನ್‌ಪಿಟೆಲ್‌ನ 12 ವಾರದ ಕೋರ್ಸುಗಳಲ್ಲಿ ಅಸೈನ್‌ಮೆಂಟುಗಳ ಪೈಕಿ ಅತ್ಯುತ್ತಮ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಇದೆ. ಅದನ್ನು ಕಣ್ಣುಮುಚ್ಚಿ ನಕಲು ಮಾಡಿ: ಆರು ಕ್ವಿಜ್‌ಗಳಲ್ಲಿ ಚೆನ್ನಾಗಿ ಬಂದ ನಾಲ್ಕು ಸಾಕು. ಗುಳೆ ಹೋದವನು ಅರ್ಜಿ ಬರೆದು ಕಾರಣ ಹೇಳುವ ಕಷ್ಟವೂ ತಪ್ಪುತ್ತದೆ. ಸಮಯದ ಮಿತಿ ಇಡಲೇಬೇಕಾದ ಪರೀಕ್ಷೆಯಲ್ಲಿ, ಅರ್ಹ ಅಂಗವಿಕಲ ವಿದ್ಯಾರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಕೊಡಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಆನ್‌ಲೈನ್ ಕ್ವಿಜ್‌ನಲ್ಲಿ ಅದನ್ನು ಮೊದಲೇ ಹೊಂದಿಸಿಡಿ, ಅವರು ಬಂದು ಕೇಳುವವರೆಗೆ ಕಾಯಬೇಡಿ.

ಹೆಜ್ಜೆ 8: ಕೋರ್ಸಿಗೂ ಅಂಕ ಹಾಕಿ

ಕೋರ್ಸ್ ಮುಗಿದ ಮೇಲೆ ಮೊದಲು ಪ್ರಶ್ನೆಗಳನ್ನೇ ಪರೀಕ್ಷಿಸಿ. ನಲವತ್ತು ಜನರಲ್ಲಿ ಒಟ್ಟು ಅಂಕ ಹೆಚ್ಚು ಬಂದ ಹತ್ತು ಜನ, ಕಡಿಮೆ ಬಂದ ಹತ್ತು ಜನರನ್ನು ಬೇರೆ ಮಾಡಿ. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಜನ ಸರಿ ಬರೆದಿದ್ದರೆ ವ್ಯತ್ಯಾಸ 6, ಅದನ್ನು ಹತ್ತರಿಂದ ಭಾಗಿಸಿದರೆ 0.6. ತಿಳಿದವರನ್ನೂ ತಿಳಿಯದವರನ್ನೂ ಬೇರೆ ಮಾಡುವ ಒಳ್ಳೆಯ ಪ್ರಶ್ನೆ. ಮೇಲಿನವರಲ್ಲಿ 4, ಕೆಳಗಿನವರಲ್ಲಿ 6 ಬಂದರೆ ಏನೋ ಎಡವಟ್ಟು: ಕೀ ಉತ್ತರ ತಪ್ಪಿರಬಹುದು, ವಾಕ್ಯಕ್ಕೆ ಎರಡು ಅರ್ಥ ಬರುತ್ತಿರಬಹುದು. ಆ ಪ್ರಶ್ನೆಯನ್ನು ಕಿತ್ತು ಎಲ್ಲರಿಗೂ ಅಂಕ ಕೊಡಿ. 0.2ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ಇನ್ನೊಮ್ಮೆ ಓದಿ ನೋಡಿ.

ಎರಡನೆಯದಾಗಿ ಮೊದಲ ಹೆಜ್ಜೆಯ ಫೋನ್ ಪಟ್ಟಿ ಹೊರತೆಗೆಯಿರಿ. ಸ್ವಂತ ಫೋನ್ ಇದ್ದವರ ಸರಾಸರಿ ಎಷ್ಟು, ಮನೆಯ ಫೋನ್ ಬಳಸಿದವರದ್ದು ಎಷ್ಟು? ಹುಡುಗಿಯರದ್ದು? ಉರ್ದು, ತೆಲುಗು ಮನೆಯವರದ್ದು? ಕೆಲಸಕ್ಕೆ ಹೋಗುವವರದ್ದು? ಬಾಯಿ ಪ್ರಶ್ನೆಯಲ್ಲಿ ಎರಡು ಗುಂಪೂ ಸಮ ಇದ್ದು ಬರಹದ ಪ್ರಶ್ನೆಯಲ್ಲಿ ಒಂದು ಗುಂಪು ಬಿದ್ದಿದ್ದರೆ, ನೀವು ಅಳೆದದ್ದು ಲೆಕ್ಕಪತ್ರವನ್ನಲ್ಲ, ಟೈಪಿಂಗನ್ನು. ಗುಂಪಿನಲ್ಲಿ ಮೂರ್ನಾಲ್ಕೇ ಜನ ಇದ್ದರೆ ಸರಾಸರಿ ನಂಬಬೇಡಿ, ಒಬ್ಬೊಬ್ಬರ ಹಾಳೆಯನ್ನೇ ನೋಡಿ.

‘ಕೋರ್ಸ್ ಹೇಗಿತ್ತು?’ ಎಂದು ಕೇಳಿದರೆ ‘ಚೊಲೋ ಇತ್ರಿ’ ಎಂಬ ಉತ್ತರ ಖಾತ್ರಿ. ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬೇಕು ಎಂದಿದ್ದರು: ಹಿಡಿಸಿತೇ, ಕಲಿತರೇ, ಬಳಸುತ್ತಿದ್ದಾರೆಯೇ, ಅದರಿಂದ ಏನಾದರೂ ಬದಲಾಯಿತೇ. ಮೊದಲನೆಯದಕ್ಕೆ ‘ಯಾವ ಪಾಠವನ್ನು ಎರಡು ಸಲ ಕೇಳಬೇಕಾಯಿತು?’, ‘ಯಾವುದನ್ನು ಕೈಬಿಟ್ಟಿರಿ, ಯಾಕೆ?’ ಎಂದು ಕೇಳಿ. ಕೊನೆಯ ಎರಡಕ್ಕೆ ಮೂರು ತಿಂಗಳು ಕಾಯಬೇಕು.

ನಡುವೆ ಬಿಟ್ಟುಹೋದವರಿಗೆ ಮಾತ್ರ ಕಾಯದೆ ಅದೇ ವಾರ ಫೋನ್ ಮಾಡಿ. ಯಾವ ವಾರ ಬಿಟ್ಟರು, ಕೊನೆಗೆ ತೆರೆದ ಪಾಠ ಯಾವುದು ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಮೂರನೇ ವಾರದಲ್ಲೇ ಆರು ಜನ ಬಿಟ್ಟಿದ್ದರೆ ಮೂರನೇ ವಾರದ ಪಾಠವನ್ನು ತೆರೆದು ನೋಡಿ. ಅಲ್ಲಿ ನಲವತ್ತು ನಿಮಿಷದ ವಿಡಿಯೋ ಇರಬಹುದು, ಇಲ್ಲವೇ ಒಂದೇ ದಿನಕ್ಕೆ ಎರಡು ಗಡುವು ಬಿದ್ದಿರಬಹುದು. ಮುಂದಿನ ಬ್ಯಾಚಿಗೆ ಆ ಹಾಳೆಯಿಂದ ಮೂರೇ ಬದಲಾವಣೆ ಆರಿಸಿ, ಉಳಿದದ್ದನ್ನು ಹಾಗೇ ಇಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ.